ವಾಹನ ಸುರಕ್ಷತಾ ವ್ಯವಸ್ಥೆಗಳಲ್ಲಿ ಸೊಲೆನಾಯ್ಡ್

ತಾಮ್ರದ ತಂತಿಯನ್ನು ಕೊಳವೆಯ ಆಕಾರದಲ್ಲಿ ಒತ್ತೊತ್ತಾಗಿ ಸುತ್ತಿ ಮಾಡಿದ ವಿದ್ಯುತ್ಕಾಂತಕ್ಕೆ ಸೊಲೆನಾಯ್ಡ್ ಎಂದು ಹೆಸರು. ತಂತಿಯಲ್ಲಿ ವಿದ್ಯುತ್ ಹರಿದಾಗ ಸುರುಳಿಯ ನಡುವೆ ಕಾಂತಕ್ಷೇತ್ರ ಹುಟ್ಟಿ, ಅಲ್ಲಿರುವ ಮೆದುಕಬ್ಬಿಣದ ದಿಂಡನ್ನು ಒಳಕ್ಕೆ ಸೆಳೆಯುತ್ತದೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗೊಂದು ದಿಂಡನ್ನು ಮೊದಲಿನ ಜಾಗಕ್ಕೆ ತಳ್ಳುತ್ತದೆ. ಮೆಕ್ಯಾನಿಕ್‌ಗಳು ಈ ದಿಂಡನ್ನು ಪ್ಲಂಜರ್ ಎನ್ನುತ್ತಾರೆ. ಅದರ ಓಟ ಸಾಮಾನ್ಯವಾಗಿ ಕೆಲವು ಮಿಲಿಮೀಟರ್. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ವಾಲ್ವಿನಲ್ಲಿ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಇಷ್ಟು ಸಣ್ಣ ಚಲನೆಯನ್ನು ನಂಬಿಕೊಂಡು ಇಂದಿನ ಕಾರು, ಬಸ್ಸು, ಲಾರಿ, ಬೈಕುಗಳ ಬ್ರೇಕು, ಗೇರು, ಇಂಧನ, ಬಾಗಿಲು ಮತ್ತು ಬ್ಯಾಟರಿಗಳ ಸುರಕ್ಷತೆ ನಡೆಯುತ್ತಿದೆ.

ಗಾಡಿ ಓಡಿಸುವವರಿಗೆ ಹೆಚ್ಚು ಪರಿಚಿತವಾದ ಸೊಲೆನಾಯ್ಡ್ ಸೆಲ್ಫ್ ಮೋಟಾರಿನ ಬೆನ್ನ ಮೇಲಿರುವುದು. ಕೀಲಿ ತಿರುಗಿಸಿದಾಗ ‘ಟಕ್’ ಎನ್ನುವುದು ಅದೇ. ಸುರಕ್ಷತೆಗೆಂದು ಅಳವಡಿಸಿದ ಸೊಲೆನಾಯ್ಡ್‌ಗಳು ಕಣ್ಣಿಗೆ ಬೀಳುವುದಿಲ್ಲ, ಅವುಗಳ ಸದ್ದೂ ಅಪರೂಪ. ಅವುಗಳ ವಿನ್ಯಾಸದಲ್ಲಿ ಒಂದು ಪ್ರಶ್ನೆ ಉಳಿದೆಲ್ಲಕ್ಕಿಂತ ದೊಡ್ಡದು: ವಿದ್ಯುತ್ ಹೋದರೆ ಏನಾಗಬೇಕು? ತಂತಿ ತುಂಡಾದಾಗ, ಫ್ಯೂಸ್ ಸುಟ್ಟಾಗ, ಡಿಕ್ಕಿಯಲ್ಲಿ ಬ್ಯಾಟರಿಯೇ ಜಜ್ಜಿಹೋದಾಗ ದಿಂಡು ಎಲ್ಲಿ ಹೋಗಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗ್. ಒಂದು ಸುರಕ್ಷತಾ ವ್ಯವಸ್ಥೆಯನ್ನು ಸರಿಯಾಗಿ ಅರಿಯಬೇಕಾದರೆ ಸುರುಳಿಗಿಂತ ಮೊದಲು ಸ್ಪ್ರಿಂಗ್ ಯಾವ ಕಡೆಗೆ ತಳ್ಳುತ್ತಿದೆ ಎಂದು ನೋಡಬೇಕು. ಈ ಲೇಖನದ ಉದ್ದಕ್ಕೂ ಹಿಡಿದಿರುವ ಎಳೆ ಅದೇ.

ತತ್ತ್ವ

1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುತ್ತದೆಂದು ತೋರಿಸಿದರು. ಫ್ರಾನ್ಸಿನ ಆಂದ್ರೆ ಮರಿ ಆಂಪಿಯರ್ ಅದನ್ನು ಮುಂದುವರಿಸಿ, ಸುರುಳಿ ಸುತ್ತಿದ ತಂತಿ ದಂಡಕಾಂತದಂತೆಯೇ ವರ್ತಿಸುವುದನ್ನು ವಿವರಿಸಿದರು. ಸೊಲೆನಾಯ್ಡ್ ಎಂಬ ಹೆಸರು ಅವರದೇ. 1825ರ ಹೊತ್ತಿಗೆ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕಬ್ಬಿಣದ ತಿರುಳಿನ ಮೇಲೆ ತಂತಿ ಸುತ್ತಿ, ಬೇಕೆಂದಾಗ ಹುಟ್ಟಿ ಬೇಡವೆಂದಾಗ ಅಡಗುವ ಕಾಂತವನ್ನು ಮಾಡಿದರು.

ಸೊಲೆನಾಯ್ಡಿನ ಸೆಳೆತ ವಿದ್ಯುತ್ ಪ್ರವಾಹ ಮತ್ತು ಸುತ್ತುಗಳ ಗುಣಲಬ್ಧದ ವರ್ಗಕ್ಕೆ ಅನುಪಾತದಲ್ಲಿರುತ್ತದೆ; ದಿಂಡಿಗೂ ಎದುರಿನ ಧ್ರುವಕ್ಕೂ ನಡುವಿನ ಗಾಳಿಯ ಬಿರುಕು ಹೆಚ್ಚಿದಷ್ಟೂ ಅದರ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ. ಇದರಿಂದ ಎರಡು ಸಂಗತಿಗಳು ಹುಟ್ಟುತ್ತವೆ. ದಿಂಡು ದೂರವಿದ್ದಾಗ ಎಳೆಯಲು ಹೆಚ್ಚು ಪ್ರವಾಹ ಬೇಕು. ಒಮ್ಮೆ ಒಳಗೆ ಬಂದು ಕೂತ ಮೇಲೆ ಹಿಡಿದಿಡಲು ಅದರ ಒಂದಂಶ ಸಾಕು. ಆದ್ದರಿಂದ ಇಂದಿನ ನಿಯಂತ್ರಕಗಳು ಮೊದಲು ಪೂರ್ತಿ ಪ್ರವಾಹ ಕೊಟ್ಟು, ಆಮೇಲೆ ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುತ್ತ ಸರಾಸರಿಯನ್ನು ಇಳಿಸಿ, ಸುರುಳಿ ಕಾಯದಂತೆ ನೋಡಿಕೊಳ್ಳುತ್ತವೆ.

ಶಾಖದ ಮಾತು ಇಲ್ಲಿ ಸಣ್ಣದಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿದ್ದ ಸುರುಳಿ ಎಂಜಿನ್ನಿನ ಪಕ್ಕದಲ್ಲಿ 120 ಡಿಗ್ರಿ ಮುಟ್ಟಿದರೆ ರೋಧ ಶೇ 39ರಷ್ಟು ಹೆಚ್ಚುತ್ತದೆ. ವೋಲ್ಟೇಜ್ ಅಷ್ಟೇ ಇದ್ದರೆ ಪ್ರವಾಹ ತಗ್ಗುತ್ತದೆ, ಸೆಳೆತ ಅದರ ವರ್ಗವಾದ್ದರಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತಂಪಾದ ಕೋಣೆಯ ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡಿದ ಸೊಲೆನಾಯ್ಡ್ ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಬ್ಯಾಟರಿಯೂ ಇಳಿದಿರುವಾಗ, ಸ್ಪ್ರಿಂಗನ್ನು ಗೆಲ್ಲಲಾರದೆ ಹೋಗಬಹುದು. ಒಳ್ಳೆಯ ವಿನ್ಯಾಸಕಾರರು ಅತಿ ಹೆಚ್ಚು ಶಾಖ, ಅತಿ ಕಡಿಮೆ ವೋಲ್ಟೇಜ್ ಎರಡೂ ಒಟ್ಟಿಗೆ ಬಂದ ಕ್ಷಣಕ್ಕೇ ಲೆಕ್ಕ ಹಾಕುವುದು ಈ ಕಾರಣಕ್ಕೆ.

ಇನ್ನೊಂದು ತೊಡಕು ಆರಿಸುವಾಗಿನದು. ಪ್ರವಾಹವನ್ನು ತಟ್ಟನೆ ಕಡಿದರೆ ಸುರುಳಿಯಲ್ಲಿ ಕೂಡಿದ್ದ ಶಕ್ತಿ ಬ್ಯಾಟರಿಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವೋಲ್ಟೇಜಾಗಿ ಚಿಮ್ಮುತ್ತದೆ. ಅದನ್ನು ತಡೆಯಲು ಡಯೋಡ್ ಬೇಕು. ದಿಂಡಿನಲ್ಲಿ ಉಳಿಯುವ ಶೇಷಕಾಂತತ್ವ ಅದನ್ನು ಧ್ರುವಕ್ಕೆ ಅಂಟಿಸದಿರಲೆಂದು ನಡುವೆ ಕಾಂತಕ್ಕೆ ಒಲಿಯದ ಲೋಹದ ತೆಳು ಬಿಲ್ಲೆ ಇಡುವುದೂ ರೂಢಿ.

ಎಬಿಎಸ್: ಬ್ರೇಕಿನ ಒಳಗಿನ ಕವಾಟಗಳು

ಸುರಕ್ಷತೆಯಲ್ಲಿ ಸೊಲೆನಾಯ್ಡಿನ ಅತಿ ದೊಡ್ಡ ಸಾಧನೆ ಬ್ರೇಕಿನದು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದನ್ನೇ ಬಿಟ್ಟು ಜಾರತೊಡಗಿದರೆ ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ; ಜಾರುವ ಚಕ್ರಕ್ಕೆ ಪಕ್ಕಕ್ಕೆ ಎಳೆಯುವ ಹಿಡಿತವೇ ಇರುವುದಿಲ್ಲ. ಚಕ್ರದ ವೇಗ ಗಾಡಿಯ ವೇಗಕ್ಕಿಂತ ಸುಮಾರು ಶೇ 10ರಿಂದ 30ರಷ್ಟು ಮಾತ್ರ ಕಡಿಮೆಯಿರುವಾಗ ಟಾರು ರಸ್ತೆಯ ಮೇಲೆ ಹಿಡಿತ ಅತಿ ಹೆಚ್ಚು. ಚಕ್ರವನ್ನು ಆ ಮಿತಿಯೊಳಗೆ ಇಡುವುದೇ ಎಬಿಎಸ್ಸಿನ ಕೆಲಸ.

ಈ ಯೋಚನೆ ಸೊಲೆನಾಯ್ಡ್‌ನಿಂದ ಆರಂಭವಾಗಲಿಲ್ಲ. 1950ರ ದಶಕದಲ್ಲಿ ವಿಮಾನಗಳಿಗೆ ಬಂದ ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಪೂರ್ತಿ ಯಾಂತ್ರಿಕ. ಅದನ್ನೇ 1966ರ ಜೆನ್ಸನ್ ಎಫ್‌ಎಫ್ ಕಾರಿಗೂ ಹಾಕಿದರು. ಕಾರಿನ ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿ, ಕಣ್ಣೆವೆಯಿಕ್ಕುವಷ್ಟರಲ್ಲಿ ಹಲವು ಸಲ ತಿದ್ದಬೇಕೆಂದರೆ ಯಾಂತ್ರಿಕ ಸಾಧನದ ವೇಗ ಸಾಲದು. 1971ರಲ್ಲಿ ಅಮೆರಿಕದ ಕ್ರೈಸ್ಲರ್ ತನ್ನ ಇಂಪೀರಿಯಲ್ ಕಾರಿಗೆ ನಾಲ್ಕೂ ಚಕ್ರಗಳ ಎಲೆಕ್ಟ್ರಾನಿಕ್ ವ್ಯವಸ್ಥೆ ಕೊಟ್ಟಿತು. ಆಗಿನ ಅನಲಾಗ್ ಎಲೆಕ್ಟ್ರಾನಿಕ್ಸ್ ಮಾತ್ರ ನಂಬಿಕೆಗೆ ಯೋಗ್ಯವಾಗಿರಲಿಲ್ಲ. ಡಿಜಿಟಲ್ ನಿಯಂತ್ರಕ ಕೈಗೆ ಬಂದ ಮೇಲೆ, 1978ರಲ್ಲಿ, ಬಾಷ್ ಕಂಪನಿಯ ಎಬಿಎಸ್ 2 ಮರ್ಸಿಡಿಸ್ ಬೆಂಜ್ ಎಸ್-ಕ್ಲಾಸ್ ಕಾರಿನಲ್ಲಿ ಬಂದಿತು. ಅದರ ತೂಕ ಆರು ಕಿಲೋಗಿಂತ ಹೆಚ್ಚು. ಇಂದಿನ ಘಟಕ ಸುಮಾರು ಒಂದು ಕಿಲೋಗೆ ಇಳಿದಿದೆ.

ಆ ಮೊದಲ ಪೀಳಿಗೆಯ ವಾಲ್ವಿಗೆ ಮೂರು ಸ್ಥಿತಿಗಳಿದ್ದವು. ಪ್ರವಾಹವಿಲ್ಲದಿದ್ದರೆ ಬ್ರೇಕ್ ಆಯಿಲ್ ಮಾಸ್ಟರ್ ಸಿಲಿಂಡರಿನಿಂದ ಚಕ್ರಕ್ಕೆ ನೇರ ಹೋಗುತ್ತಿತ್ತು. ಸುಮಾರು 2 ಆಂಪಿಯರ್ ಕೊಟ್ಟರೆ ದಾರಿ ಮುಚ್ಚಿ ಒತ್ತಡ ಇದ್ದಲ್ಲೇ ನಿಲ್ಲುತ್ತಿತ್ತು. ಸುಮಾರು 5 ಆಂಪಿಯರಿಗೆ ವಾಪಸು ದಾರಿ ತೆರೆದು ಒತ್ತಡ ಇಳಿಯುತ್ತಿತ್ತು. 1990ರ ದಶಕದಲ್ಲಿ ಇದನ್ನು ಬಿಟ್ಟು ಪ್ರತಿ ಚಕ್ರಕ್ಕೂ ಎರಡೆರಡು ಸರಳ ವಾಲ್ವುಗಳನ್ನು ಇಡುವ ಪದ್ಧತಿ ಬಂದಿತು. ಒಳದಾರಿಯ ವಾಲ್ವ್ ಪ್ರವಾಹವಿಲ್ಲದಾಗ ತೆರೆದಿರುತ್ತದೆ, ಹೊರದಾರಿಯದು ಮುಚ್ಚಿರುತ್ತದೆ. ಚಕ್ರ ಜಾಮ್ ಆಗುವ ಸೂಚನೆ ಸಿಕ್ಕೊಡನೆ ಒಳದಾರಿ ಮುಚ್ಚುತ್ತದೆ. ಅಷ್ಟು ಸಾಲದಿದ್ದರೆ ಹೊರದಾರಿ ತೆರೆದು ಆಯಿಲ್ ಸಣ್ಣ ಸಂಗ್ರಾಹಕಕ್ಕೆ ಇಳಿಯುತ್ತದೆ, ಅಲ್ಲಿಂದ ಪಂಪು ಅದನ್ನು ಮಾಸ್ಟರ್ ಸಿಲಿಂಡರಿಗೆ ಹಿಂದಿರುಗಿಸುತ್ತದೆ. ಚಕ್ರ ಮತ್ತೆ ಉರುಳತೊಡಗಿದರೆ ನಿಯಂತ್ರಕ ಎರಡೂ ವಾಲ್ವುಗಳ ಪ್ರವಾಹ ಕಡಿದು ಒತ್ತಡ ಏರಲು ಬಿಡುತ್ತದೆ. ಸೆಕೆಂಡಿನೊಳಗೆ ಈ ಆವರ್ತನ ಹಲವು ಸಲ ನಡೆಯುತ್ತದೆ. ಪೆಡಲ್ ಕಾಲಿಗೆ ಅದುರಿದಂತಾಗುವುದು ಈ ಆಯಿಲ್ ವಾಪಸು ಬರುವುದರಿಂದಲೇ. ಅದುರಿತೆಂದು ಹೆದರಿ ಕಾಲು ಸಡಿಲಿಸುವವರು ಇನ್ನೂ ಇದ್ದಾರೆ. ಡ್ರೈವಿಂಗ್ ಶಾಲೆಗಳು ಮೊದಲ ವಾರದಲ್ಲೇ ಇದನ್ನು ಕಲಿಸಬೇಕು.

ಇಲ್ಲಿ ಸ್ಪ್ರಿಂಗ್ ಯಾವ ಪಕ್ಷ ಹಿಡಿದಿದೆ ಎಂಬುದನ್ನು ಗಮನಿಸಬೇಕು. ವಿದ್ಯುತ್ ಪೂರ್ತಿ ಹೋದರೂ ಒಳದಾರಿ ತೆರೆದೇ ಇರುತ್ತದೆ, ಹೊರದಾರಿ ಮುಚ್ಚಿಯೇ ಇರುತ್ತದೆ. ಅಂದರೆ ಎಬಿಎಸ್ ಸತ್ತರೂ ಬ್ರೇಕ್ ಬದುಕಿರುತ್ತದೆ. ಒಳದಾರಿಯ ಪಕ್ಕದಲ್ಲೇ ಒಂದೇ ದಿಕ್ಕಿಗೆ ಬಿಡುವ ಕವಾಟವೂ ಇದೆ. ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡರೂ, ಚಾಲಕ ಪೆಡಲ್ ಬಿಟ್ಟಾಗ ಚಕ್ರದ ಒತ್ತಡ ಅದರ ಮೂಲಕ ಇಳಿದುಹೋಗುತ್ತದೆ. ನಿಯಂತ್ರಕಕ್ಕೆ ಸಣ್ಣ ಸಂಶಯ ಬಂದರೂ, ಒಂದು ಚಕ್ರದ ಸೆನ್ಸರ್ ತಪ್ಪು ಹೇಳುತ್ತಿದ್ದರೂ, ಅದು ಮುಖ್ಯ ರಿಲೇಯನ್ನು ಕಡಿದು ಎಲ್ಲ ವಾಲ್ವುಗಳ ವಿದ್ಯುತ್ತನ್ನು ಒಟ್ಟಿಗೆ ತೆಗೆದು ದೀಪ ಹಚ್ಚುತ್ತದೆ. ತನ್ನ ಮೇಲೇ ನಂಬಿಕೆ ಹೋದಾಗ ಪಕ್ಕಕ್ಕೆ ಸರಿದು ಚಾಲಕನ ಕಾಲಿಗೆ ದಾರಿ ಬಿಡುವ ಈ ಗುಣ ನನ್ನ ದೃಷ್ಟಿಯಲ್ಲಿ ವಾಹನ ಎಂಜಿನಿಯರಿಂಗಿನ ಅತಿ ವಿವೇಕದ ತೀರ್ಮಾನಗಳಲ್ಲೊಂದು.

ಘಟಕದ ರಚನೆಯಲ್ಲೂ ಜಾಣ್ಮೆಯಿದೆ. ಆಯಿಲ್ ಇರುವ ಅಲ್ಯುಮಿನಿಯಂ ದಿಮ್ಮಿಯಿಂದ ವಾಲ್ವುಗಳ ಉಕ್ಕಿನ ಟೊಪ್ಪಿಗೆಗಳು ಮಾತ್ರ ಹೊರಗೆ ಚಾಚಿರುತ್ತವೆ. ಸುರುಳಿಗಳು ಎಲೆಕ್ಟ್ರಾನಿಕ್ ಪೆಟ್ಟಿಗೆಯೊಳಗಿದ್ದು ಆ ಟೊಪ್ಪಿಗೆಗಳ ಮೇಲೆ ಕೂರುತ್ತವೆ. ಕಾಂತಕ್ಷೇತ್ರ ಉಕ್ಕನ್ನು ದಾಟಿ ದಿಂಡನ್ನು ಸೆಳೆಯುತ್ತದೆ, ಆಯಿಲ್ ಮತ್ತು ವಿದ್ಯುತ್ ಎಂದೂ ಕೂಡುವುದಿಲ್ಲ. ಕೂಡಿದರೆ ಏನಾಗುತ್ತದೆಂಬುದಕ್ಕೆ 2023ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ನಿದರ್ಶನ ಸಿಕ್ಕಿತು: ಬ್ರೇಕ್ ಆಯಿಲ್ ಸೋರಿ ಶಾರ್ಟ್ ಆಗಿ ಬೆಂಕಿ ಹತ್ತಬಹುದೆಂದು ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಸುಮಾರು 33.7 ಲಕ್ಷ ವಾಹನಗಳನ್ನು ವಾಪಸು ಕರೆದವು. ದುರಸ್ತಿಯಾಗುವವರೆಗೆ ಗಾಡಿಗಳನ್ನು ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಲು ಹೇಳಿದವು.

ಎಬಿಎಸ್ಸಿಗೆ ಒಂದು ಮಿತಿಯಿದೆ. ಸಡಿಲ ಜಲ್ಲಿ, ಮರಳು, ಹಿಮದ ಮೇಲೆ ನಿಲ್ಲುವ ದೂರ ಅದರಿಂದ ಹೆಚ್ಚಾಗಲೂಬಹುದು. ಅದರ ನಿಜವಾದ ಕೊಡುಗೆ ದಿಕ್ಕಿನ ಹಿಡಿತ.

ಸ್ಥಿರತಾ ನಿಯಂತ್ರಣ ಮತ್ತು ಅದರ ಮುಂದಿನವು

ಎಬಿಎಸ್ ಚಾಲಕ ಒತ್ತಿದ ಒತ್ತಡವನ್ನು ತಗ್ಗಿಸಬಲ್ಲದು. ಚಾಲಕ ಒತ್ತದಿದ್ದಾಗ ಬ್ರೇಕ್ ಹಾಕಲಾರದು. ಆ ಸಾಮರ್ಥ್ಯ ಇನ್ನೂ ನಾಲ್ಕು ವಾಲ್ವುಗಳನ್ನು ಸೇರಿಸಿದಾಗ ಬಂದಿತು. ಎಂಟರ ಜಾಗದಲ್ಲಿ ಹನ್ನೆರಡು ಸೊಲೆನಾಯ್ಡ್‌ಗಳಾದರೆ ಪಂಪು ತಾನೇ ಆಯಿಲ್ ಎಳೆದು ಬೇಕಾದ ಒಂದೇ ಚಕ್ರಕ್ಕೆ ಒತ್ತಡ ಕಳಿಸಬಹುದು. ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಕ್ಕೆ ತೂರಿದರೆ ಹೊರಬದಿಯ ಮುಂಚಕ್ರಕ್ಕೆ, ಮುಂಭಾಗ ನೇರಕ್ಕೆ ಜಾರಿದರೆ ಒಳಬದಿಯ ಹಿಂಚಕ್ರಕ್ಕೆ ಬ್ರೇಕ್ ಕೊಟ್ಟು ಸರಿಪಡಿಸುತ್ತದೆ. 1995ರಲ್ಲಿ ಇಎಸ್‌ಪಿ ಎಂಬ ಹೆಸರಿನಲ್ಲಿ ಇದು ದುಬಾರಿ ಮರ್ಸಿಡಿಸ್ ಕಾರಿಗೆ ಬಂದಿತು. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆ ಮಾಡುವಾಗ ಹೊಸ ಎ-ಕ್ಲಾಸ್ ಕಾರು ಮಗುಚಿತು. ಕಂಪನಿ ಆ ಚಿಕ್ಕ ಕಾರಿಗೂ ಇದನ್ನು ಅಳವಡಿಸಿತು. ದುಬಾರಿ ಕಾರಿನ ಸೌಲಭ್ಯ ಸಾಮಾನ್ಯರ ಕಾರಿಗೆ ಇಳಿದದ್ದು ಹೀಗೆ. ಅಮೆರಿಕ 2011ರ ಸೆಪ್ಟೆಂಬರಿನಿಂದ ಎಲ್ಲ ಹಗುರ ವಾಹನಗಳಿಗೂ ಇದನ್ನು ಕಡ್ಡಾಯ ಮಾಡಿತು.

ಏರಿನಲ್ಲಿ ಗಾಡಿ ಹಿಂದಕ್ಕೆ ಉರುಳದಂತೆ ಹಿಡಿಯುವ ಸೌಲಭ್ಯವೂ ಇದೇ ವಾಲ್ವುಗಳದು. ಅದು ಎರಡು ಮೂರು ಸೆಕೆಂಡಿಗೆ ಬಿಟ್ಟುಕೊಡುವುದನ್ನು ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ ಸಾಲು ನಿಂತವರು ಬಲ್ಲರು. ಸೊಲೆನಾಯ್ಡ್ ಹಿಡಿದಿರುವಷ್ಟು ಹೊತ್ತೂ ವಿದ್ಯುತ್ ಬೇಕು, ಸುರುಳಿ ಕಾಯುತ್ತದೆ. ಹೆಚ್ಚು ಹೊತ್ತು ನಿಲ್ಲಿಸಬೇಕಾದ ಕಾರುಗಳಲ್ಲಿ ಕೆಲಸವನ್ನು ಮೋಟಾರಿನಿಂದ ನಡೆಯುವ ಹ್ಯಾಂಡ್‌ಬ್ರೇಕಿಗೆ ಒಪ್ಪಿಸುತ್ತಾರೆ. ಅದರ ತಿರುಪು ಒಮ್ಮೆ ಬಿಗಿದರೆ ವಿದ್ಯುತ್ ಇಲ್ಲದೆಯೂ ಬಿಗಿದೇ ಇರುತ್ತದೆ.

2001ರಲ್ಲಿ ಮರ್ಸಿಡಿಸ್ ಪೆಡಲಿಗೂ ಚಕ್ರಕ್ಕೂ ನಡುವಿನ ಆಯಿಲ್ ಸಂಪರ್ಕವನ್ನೇ ಮಾಮೂಲಿ ಓಟದಲ್ಲಿ ಬೇರ್ಪಡಿಸುವ ಬ್ರೇಕ್ ತಂದಿತು. ಅಲ್ಲಿಯೂ ಬೇರ್ಪಡಿಸುವ ವಾಲ್ವುಗಳು ವಿದ್ಯುತ್ ಹೋದರೆ ತೆರೆದುಕೊಂಡು ಮುಂದಿನ ಚಕ್ರಗಳನ್ನು ಪೆಡಲಿಗೆ ಜೋಡಿಸುತ್ತಿದ್ದವು.

ಗಾಳಿ ಬ್ರೇಕು, ಬಸ್ಸಿನ ಬಾಗಿಲು

ಬಸ್ಸು ಲಾರಿಗಳಲ್ಲಿ ಆಯಿಲ್ ಬದಲು ಒತ್ತಿದ ಗಾಳಿ ಕೆಲಸ ಮಾಡುತ್ತದೆ. 1981ರಲ್ಲಿ ವ್ಯಾಬ್ಕೋ ಕಂಪನಿ ಮರ್ಸಿಡಿಸ್ ಬೆಂಜ್ ಜತೆಗೂಡಿ ಭಾರಿ ವಾಹನಗಳ ಎಬಿಎಸ್ ತಂದಿತು. ಗಾಳಿಯ ಕೋಣೆಯ ಹತ್ತಿರದ ಮಾಡ್ಯುಲೇಟರಿನಲ್ಲಿ ಎರಡು ಸೊಲೆನಾಯ್ಡ್‌ಗಳು: ಒಂದು ಗಾಳಿಯನ್ನು ತಡೆಯುತ್ತದೆ, ಇನ್ನೊಂದು ಹೊರಗೆ ಬಿಡುತ್ತದೆ. ಎರಡಕ್ಕೂ ವಿದ್ಯುತ್ ಇಲ್ಲದಿದ್ದರೆ ಗಾಳಿ ನೇರ ಬ್ರೇಕಿಗೆ ಹೋಗುತ್ತದೆ.

ಬಸ್ಸಿನ ತಾನೇ ತೆರೆಯುವ ಬಾಗಿಲು ಇದಕ್ಕಿಂತ ಕಠಿಣ ಸಮಸ್ಯೆ. ಬಸ್ಸು ಓಡುವಾಗ ಬಾಗಿಲು ಮುಚ್ಚಿರುವುದು ಸುರಕ್ಷಿತ, ಬೆಂಕಿ ಬಿದ್ದಾಗ ತೆರೆಯುವುದು ಸುರಕ್ಷಿತ. ಯಾವ ಸ್ಪ್ರಿಂಗೂ ಎರಡನ್ನೂ ಒಟ್ಟಿಗೆ ತೀರ್ಮಾನಿಸಲಾರದು. ಆದ್ದರಿಂದ ಸೊಲೆನಾಯ್ಡ್ ವಾಲ್ವನ್ನು ಸಂಪೂರ್ಣ ಬಿಟ್ಟು, ಗಾಳಿಯನ್ನು ಕೈಯಿಂದಲೇ ಹೊರಗೆ ಬಿಟ್ಟು ಬಾಗಿಲನ್ನು ತಳ್ಳಿ ತೆರೆಯುವ ತುರ್ತು ಹಿಡಿ ಒಳಗೂ ಹೊರಗೂ ಇರಬೇಕು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಉರಿದು 45 ಮಂದಿ ಸತ್ತರು. ಎರಡು ವಾರ ಕಳೆಯುತ್ತಲೇ ಹಾವೇರಿ ಬಳಿ ಮುಂಬೈಗೆ ಹೊರಟಿದ್ದ ಬಸ್ಸು ಉರಿದು 7 ಮಂದಿ ಸತ್ತರು. ಆ ಬೆಂಕಿಗಳ ಕಾರಣ ಬೇರೆ. ಆದರೆ ಉರಿಯುವ ಬಸ್ಸಿನಿಂದ ಹೊರಬರಲು ಪ್ರಯಾಣಿಕರ ಬಳಿ ಇರುವುದು ಕೆಲವೇ ಕ್ಷಣ, ಆ ಕ್ಷಣದಲ್ಲಿ ವಿದ್ಯುತ್ತನ್ನು ನಂಬಿ ಕೂರಲಾಗದು ಎಂಬುದನ್ನು ಅವು ಕ್ರೂರವಾಗಿ ತೋರಿಸಿಕೊಟ್ಟವು. ರಾತ್ರಿ ಬಸ್ಸು ಹೊರಡುವ ಮುನ್ನ ತುರ್ತು ಹಿಡಿ ಎಲ್ಲಿದೆಯೆಂದು ಹೇಳುವ ಪದ್ಧತಿ ನಮ್ಮಲ್ಲಿ ಬೇರೂರಬೇಕು.

ಗೇರಿನ ಬೀಗ

ಆಟೊಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತದೆ ಗೇರಿನ ಹಿಡಿ ‘ಪಿ’ಯಿಂದ ಅಲುಗುವುದಿಲ್ಲ. ಅದನ್ನು ತಡೆದಿರುವುದು ಒಂದು ಸಣ್ಣ ಮೊಳೆ. ಪೆಡಲ್ ಒತ್ತಿದಾಗ ಸೊಲೆನಾಯ್ಡ್ ಅದನ್ನು ಸರಿಸುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ತಾವಾಗಿಯೇ ನುಗ್ಗುತ್ತವೆಂಬ ದೂರು ದೊಡ್ಡದಾಯಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ 1989ರ ವರದಿಯಲ್ಲಿ, ಬಹುಪಾಲು ಘಟನೆಗಳಲ್ಲಿ ಚಾಲಕರು ಬ್ರೇಕೆಂದು ಆಕ್ಸಿಲರೇಟರ್ ಒತ್ತಿದ್ದರೆಂದು ಕಂಡುಕೊಂಡಿತು. ಆ ವೇಳೆಗೆ ಆಡಿ ಗೇರಿಗೆ ಬೀಗ ಹಾಕಿತ್ತು. ಕಾರಿನಲ್ಲಿ ಬಿಟ್ಟ ಮಕ್ಕಳು ಗೇರು ಎಳೆದು ಆಗುವ ಸಾವುಗಳೂ ಗಮನಕ್ಕೆ ಬಂದು, 2010ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಈ ಬೀಗ ಕಡ್ಡಾಯವಾಯಿತು.

ಇಲ್ಲಿ ಸ್ಪ್ರಿಂಗ್ ಬೀಗದ ಪಕ್ಷ. ಬ್ಯಾಟರಿ ಸತ್ತರೆ ಗೇರು ಸಿಕ್ಕಿಕೊಳ್ಳುತ್ತದೆ. ಹಿಡಿಯ ಪಕ್ಕದ ಸಣ್ಣ ಮುಚ್ಚಳದ ಕೆಳಗೆ ಕೈಯಿಂದ ಬಿಡಿಸುವ ಕಿಂಡಿ ಇಟ್ಟಿರುವುದು ಅದಕ್ಕೇ. ಗಾಡಿ ಎಳೆದೊಯ್ಯುವವರಿಗೆ ಆ ಕಿಂಡಿ ಗೊತ್ತಿದ್ದರೆ ಎಷ್ಟೋ ಗೇರುಪೆಟ್ಟಿಗೆಗಳು ಉಳಿಯುತ್ತವೆ.

ಇಂಧನ ಮತ್ತು ಬ್ಯಾಟರಿ

ಸಿಎನ್‌ಜಿ ಸಿಲಿಂಡರಿನೊಳಗಿನ ಒತ್ತಡ ಭರ್ತಿ ಮಾಡಿದಾಗ 200 ಬಾರ್. ಸಿಲಿಂಡರಿನ ಬಾಯಲ್ಲಿ ಅಥವಾ ರೆಗ್ಯುಲೇಟರಿನ ಬಳಿ ಇರುವ ಸೊಲೆನಾಯ್ಡ್ ವಾಲ್ವ್ ವಿದ್ಯುತ್ ಇದ್ದರೆ ಮಾತ್ರ ತೆರೆಯುತ್ತದೆ. ಎಂಜಿನ್ ನಿಂತಿತೆಂದು ಗೊತ್ತಾದೊಡನೆ, ಕೀಲಿ ಆನ್ ಇದ್ದರೂ, ನಿಯಂತ್ರಕ ಅದರ ವಿದ್ಯುತ್ ಕಡಿಯುತ್ತದೆ. ಅಷ್ಟು ಒತ್ತಡವನ್ನು ಒಂದು ಸಣ್ಣ ಸುರುಳಿ ನೇರವಾಗಿ ಗೆಲ್ಲಲಾರದು. ಹಾಗಾಗಿ ಮೊದಲು ಸೂಜಿ ಮೊನೆಯಷ್ಟು ರಂಧ್ರ ತೆರೆಯುತ್ತದೆ, ಎರಡೂ ಬದಿಯ ಒತ್ತಡ ಸಮವಾದ ಮೇಲೆ ದೊಡ್ಡ ದ್ವಾರ ಸುಲಭವಾಗಿ ಏಳುತ್ತದೆ. 700 ಬಾರ್ ಒತ್ತಡದ ಹೈಡ್ರೋಜನ್ ಕಾರುಗಳಲ್ಲೂ ವಾಲ್ವಿನ ಸಹಜ ಸ್ಥಿತಿ ಮುಚ್ಚಿರುವುದೇ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲವಾದ್ದರಿಂದ ಇಂಧನ ನಿಲ್ಲಿಸದೆ ಅದು ನಿಲ್ಲುವುದಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಪಂಪುಗಳ ಕಾಲದಿಂದ ನಮ್ಮ ಮೆಕ್ಯಾನಿಕ್‌ಗಳಿಗೆ ಡೀಸೆಲ್ ಪಂಪು ಚಿರಪರಿಚಿತ. ವಿಇ ಮಾದರಿಯ ರೋಟರಿ ಪಂಪುಗಳಲ್ಲಿ ವಿದ್ಯುತ್ ಇದ್ದರೆ ಇಂಧನ, ಇಲ್ಲದಿದ್ದರೆ ಬಂದ್. ಒಂದು ತಂತಿ ಕಳಚಿದರೆ ಎಂಜಿನ್ ನಿಲ್ಲುತ್ತದೆ. ಡಿಕ್ಕಿಯಾದ ಗಾಡಿಗೆ ಇದು ಒಳ್ಳೆಯದು. ಆದರೆ ಘಾಟಿ ಇಳಿಯುತ್ತಿರುವ ಗಾಡಿಯಲ್ಲಿ ಪವರ್ ಸ್ಟೇರಿಂಗೂ ಬ್ರೇಕಿನ ನಿರ್ವಾತ ನೆರವೂ ಎಂಜಿನ್ನಿನ ಜತೆಗೇ ಹೋಗುತ್ತವೆ. ಸುರಕ್ಷಿತ ಸ್ಥಿತಿಯೆಂಬುದು ಗಾಡಿ ಎಲ್ಲಿದೆ ಎಂಬುದರ ಮೇಲೂ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ವಿದ್ಯುತ್ ಕಾರುಗಳಲ್ಲಿ ಈ ಸ್ಥಾನ ಕಾಂಟ್ಯಾಕ್ಟರಿನದು. 12 ವೋಲ್ಟಿನ ಸುರುಳಿ ದಿಂಡನ್ನು ಎಳೆದು ನೂರಾರು ವೋಲ್ಟಿನ ಸಂಪರ್ಕವನ್ನು ಕೂಡಿಸುತ್ತದೆ. ಏರ್‌ಬ್ಯಾಗಿನ ನಿಯಂತ್ರಕ ಡಿಕ್ಕಿಯ ಸಂಕೇತ ಕೊಟ್ಟರೆ ಸುರುಳಿಯ ವಿದ್ಯುತ್ ಕಡಿದು ಸ್ಪ್ರಿಂಗ್ ಸಂಪರ್ಕವನ್ನು ಬಿಡಿಸುತ್ತದೆ. ಹಾಗೆ ಬಿಡಿಸುವಾಗ ಕಿಡಿ ಎದ್ದು ಲೋಹ ಕರಗಿ ಬೆಸೆದುಹೋದರೆ ಸ್ಪ್ರಿಂಗ್ ಸೋಲುತ್ತದೆ. ಅದಕ್ಕೆಂದೇ ಅನಿಲ ತುಂಬಿದ ಕೋಣೆ, ಕಿಡಿಯನ್ನು ಪಕ್ಕಕ್ಕೆ ಎಳೆಯುವ ಕಾಂತಗಳು, ಅನೇಕ ಕಾರುಗಳಲ್ಲಿ ಸಿಡಿದು ತಂತಿ ಕಡಿಯುವ ಫ್ಯೂಸು.

ಸೊಲೆನಾಯ್ಡ್ ಸಲ್ಲದ ಕಡೆ

ಏರ್‌ಬ್ಯಾಗ್ ಸುಮಾರು 30 ಮಿಲಿಸೆಕೆಂಡಿನಲ್ಲಿ ಉಬ್ಬಬೇಕು. ಅಷ್ಟು ಅನಿಲವನ್ನು ಅಷ್ಟು ಬೇಗ ಕೊಡಲು ಸಿಡಿಮದ್ದಿಗಲ್ಲದೆ ಸಾಧ್ಯವಿಲ್ಲ. ಸೀಟ್‌ಬೆಲ್ಟನ್ನು ಡಿಕ್ಕಿಯ ಕ್ಷಣದಲ್ಲಿ ಬಿಗಿಯುವುದೂ ಬಹುಮಟ್ಟಿಗೆ ಮದ್ದೇ. ಮದ್ದು ಒಂದು ಸಲ ಮಾತ್ರ ಕೆಲಸ ಮಾಡುತ್ತದೆ, ಹಾರಿಸಿ ಪರೀಕ್ಷಿಸಲಾಗದು. ಸೊಲೆನಾಯ್ಡನ್ನು ದಿನವೂ ಪರೀಕ್ಷಿಸಬಹುದು. ಕಾರು ಹೊರಟು ಸ್ವಲ್ಪ ವೇಗ ಹಿಡಿದಾಗ ಕೇಳುವ ಸಣ್ಣ ಗುಂಯ್ ಸದ್ದು ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದರದು.

ಭಾರತದಲ್ಲಿ

ವಿದ್ಯುನ್ಮಾನ ಎಬಿಎಸ್ ಹೊಂದಿದ ಮೊದಲ ಬೈಕು 1988ರ ಬಿಎಂಡಬ್ಲ್ಯು ಕೆ100. ಭಾರತದಲ್ಲಿ ತಯಾರಾದ ಬೈಕಿಗೆ ಅದು 2011ರಲ್ಲಿ, ಟಿವಿಎಸ್ ಅಪಾಚೆ ಆರ್‌ಟಿಆರ್ 180ಕ್ಕೆ ಬಂದಿತು. 125 ಸಿಸಿ ಮೀರಿದ ಬೈಕುಗಳ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಹಳೆಯ ಮಾದರಿಗಳಿಗೂ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಯಿತು. ಕಾರುಗಳಿಗೂ 2019ರ ಏಪ್ರಿಲ್ ಹೊತ್ತಿಗೆ ಕಡ್ಡಾಯವಾಯಿತು. ಒಂದೇ ಚಕ್ರದ ಎಬಿಎಸ್ ಇರುವ ಬೈಕಿನಲ್ಲಿ ಎರಡು ಸೊಲೆನಾಯ್ಡ್ ವಾಲ್ವುಗಳಿರುತ್ತವೆ, ಎರಡೂ ಚಕ್ರಗಳದ್ದಾದರೆ ನಾಲ್ಕು.

ಕಾನೂನು ಮುಂದೆ ಹೋದಷ್ಟು ಆರೈಕೆ ಹೋಗಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ; ತೇವ ಸೇರಿದ ಆಯಿಲ್ ವಾಲ್ವುಗಳಿಗೆ ತುಕ್ಕು ಹಿಡಿಸುತ್ತದೆ, ಬಿಸಿಯಲ್ಲಿ ಬೇಗ ಕುದಿಯುತ್ತದೆ. ಕರಾವಳಿ ಮಲೆನಾಡಿನ ಮಳೆಯಲ್ಲಿ ಕನೆಕ್ಟರುಗಳಿಗೆ ನೀರು ಸೇರುವುದೂ ಸಾಮಾನ್ಯ. ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ಆರದೇ ಉಳಿದಿದ್ದರೆ ‘ಬ್ರೇಕ್ ಹಿಡಿಯುತ್ತಿದೆಯಲ್ಲ’ ಎಂದು ಸುಮ್ಮನಾಗಬೇಡಿ; ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾಮ್ ಆಗುತ್ತದೆ. ದೀಪ ಕಿರಿಕಿರಿಯೆಂದು ಫ್ಯೂಸ್ ಕೀಳುವ ಗ್ಯಾರೇಜಿಗೆ ಗಾಡಿ ಕೊಡಬೇಡಿ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ಸೊಲೆನಾಯ್ಡ್ ಕೆಟ್ಟಿದ್ದರೆ ಅಸಲಿ ಭಾಗವನ್ನೇ ಹಾಕಿಸಿ.